ಗುಂಡಿ ಡಬ್ಬಿಯ ಮಾತ್ರೆಗಳು

ಆಸ್ಪತ್ರೆಯ ಎಮರ್ಜೆನ್ಸಿ ಬೆಂಚಿನಲ್ಲಿ ನನ್ನ ಪಕ್ಕ, ನನಗೆ ಪರಿಚಯವಿಲ್ಲದ ಟೈಲರಮ್ಮ ಒಬ್ಬರು ಸೊಂಟ ಹಿಡಿದು ನಡುಗುತ್ತ ಕೂತಿದ್ದರು. ಕೊರಳಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ನರ್ಸ್ ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

“ಅಮ್ಮ, ಮೊನ್ನೆ ಕೊಟ್ಟ ಮೂತ್ರದ ರಿಪೋರ್ಟ್ ಬಂತು. ಸೋಂಕು ಕಿಡ್ನಿಗೆ ಏರಿದೆ. ನೀವು ನುಂಗೋ ಮಾತ್ರೆಗೆ ಅದು ಜಗ್ಗೋದೇ ಇಲ್ಲ.”

“ಮೊದಲೆಲ್ಲ ಎರಡು ಮಾತ್ರೆಗೇ ಜ್ವರ ಇಳೀತಿತ್ತಲ್ಲಮ್ಮ.”

“ಎರಡಕ್ಕೇ ನಿಲ್ಲಿಸ್ತಿದ್ರಾ? ಮಿಕ್ಕಿದ್ದು?”

“ಗುಂಡಿ ಡಬ್ಬೀಲಿ ಎತ್ತಿಡ್ತಿದ್ದೆ, ಮುಂದಿನ ಸಲಕ್ಕೆ.”

“ಅಯ್ಯೋ, ಹಾಗೆ ಅರ್ಧಂಬರ್ಧ ನುಂಗಿದ್ದಕ್ಕೇ ರೋಗಾಣು ಆ ಮಾತ್ರೆಗೆ ಪಳಗಿಬಿಟ್ಟಿದೆ. ಪೂರ್ತಿ ಮುಗಿಸಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?”

“ಹೇಳಿದ್ರು. ಆದ್ರೆ ನಾನು ಜ್ವರ ಬಂದು ಮಲಗಿದ್ರೆ, ಔಷಧಿ ಅಂಗಡಿಗೆ ಓಡೋರು ಯಾರಿದ್ದಾರೆ?”

ನರ್ಸ್ ಆಕೆಯ ತೋಳು ಹಿಡಿದು ಗಾಲಿಕುರ್ಚಿಯಲ್ಲಿ ಕೂರಿಸಿದಳು.

“ಇನ್ನು ಇಂಜೆಕ್ಷನ್ನೇ ಗತಿ. ಅಡ್ಮಿಟ್ ಆಗ್ಬೇಕು. ಜೊತೇಲಿ ಯಾರು ಬಂದಿದ್ದಾರೆ?”

ಆಕೆ ನನ್ನತ್ತ ಕೈ ತೋರಿಸಿದರು.

“ಇವ್ಳೇ.”

“ನಿಮಗೆ ಏನಾಗ್ಬೇಕು?”

“ತಂಗಿ.”

ಅಲ್ಲಿಯವರೆಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ನಾನು ತಲೆಯಾಡಿಸಿದೆ. ಗಾಲಿಕುರ್ಚಿ ಒಳಗೆ ಹೋಯಿತು. ಬಾಗಿಲು ಮುಚ್ಚಿಕೊಳ್ಳುವಾಗ ನರ್ಸ್ ದನಿ ಕೇಳಿಸಿತು.

“ತಂಗಿ ಹೆಸರು ಹೇಳಿ, ಬರ್ಕೋತೀನಿ.”