ಮಾವ ಒಗೆದುಕೊಂಡ ಪಂಚೆ

ಒಂದೂರಿನ ಶ್ರೀಮಂತನ ಕಥೆ ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿದೆ. ಇವತ್ತು ಅವನನ್ನು ಅವನ ಪಾಡಿಗೆ ಬಿಡೋಣ. ಒಂದು ಊರಿನಲ್ಲಿ ಒಬ್ಬ ಸೊಸೆ ಇದ್ದಳು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಪಕ್ಕದ ಬೀದಿಯವರ ಕಥೆ ಎಂದು ನೀವು ಹಾಯಾಗಿ ಕೂತುಬಿಡುತ್ತೀರಿ.

ಆ ಸೊಸೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಂಶೋಧಕಿ. ಮೂತ್ರಕೋಶದ ಕ್ಯಾನ್ಸರ್ ಅವಳ ವಿಷಯ. ನೋಡಿ, ನಮ್ಮ ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನ ರೋಗ ಬಂದರೆ ಹಿಡಿದು ಬಡಿಯುತ್ತಾರೆ. ಆದರೆ ಕ್ಯಾನ್ಸರ್ ಎಂದರೆ ನಮ್ಮದೇ ಜೀವಕೋಶ ಹಾದಿ ತಪ್ಪಿದ್ದು. ಕಾವಲುಗಾರರು ನೋಡುತ್ತಾರೆ, 'ನಮ್ಮವನೇ ಬಿಡು' ಎಂದು ಮುಂದೆ ಹೋಗುತ್ತಾರೆ. ಆಗ ವೈದ್ಯರು ಏನು ಮಾಡುತ್ತಾರೆ ಗೊತ್ತೇ? ಕ್ಷಯದ ಲಸಿಕೆಯಲ್ಲಿರುವ ಸೊರಗಿದ ಕ್ರಿಮಿಯನ್ನು ಮೂತ್ರಕೋಶದೊಳಗೆ ಬಿಡುತ್ತಾರೆ. ಅದು ಒಳಗೆ ಹೋಗಿ ಗದ್ದಲ ಎಬ್ಬಿಸುತ್ತದೆ. ಗದ್ದಲಕ್ಕೆ ಎಚ್ಚೆತ್ತು ಬಂದ ಕಾವಲುಗಾರರು ಕ್ಯಾನ್ಸರನ್ನೂ ಗುರುತು ಹಿಡಿಯುತ್ತಾರೆ. ಕೆಲವರಲ್ಲಿ ಮಾತ್ರ ಅವರು ಏಳುವುದೇ ಇಲ್ಲ. ಏಕೆ ಏಳುವುದಿಲ್ಲ ಎಂದು ಈ ಹೆಣ್ಣುಮಗಳು ರೋಗಿಗಳ ಮೂತ್ರದ ಬಾಟಲಿಗಳನ್ನು ಮುಂದಿಟ್ಟುಕೊಂಡು ಹುಡುಕುತ್ತಿದ್ದಳು.

ಮನೆಯಲ್ಲಿ ಮಾವ ಇದ್ದರು. ಬಿಳಿ ಪಂಚೆಯ ಶಿಸ್ತಿನ ಮನುಷ್ಯ. ಸೊಸೆಯೆಂದರೆ ಪ್ರಾಣ. ಆದರೆ ಅವಳ ಕೆಲಸವೇನು ಎಂದು ಯಾರಾದರೂ ಕೇಳಿದರೆ, 'ಅದೇ, ರಕ್ತ ಗಿಕ್ತ ಪರೀಕ್ಷೆ ಮಾಡ್ತಾಳೆ' ಎಂದು ಮಾತು ತೇಲಿಸುತ್ತಿದ್ದರು. ಮೂತ್ರ ಎಂಬ ಪದ ಅವರ ಬಾಯಲ್ಲಿ ಹೇಗೆ ಬಂದೀತು? ಮಾವ ಸೊಸೆಯರ ನಡುವೆ ನಮ್ಮ ಮನೆಗಳಲ್ಲಿ ಒಂದು ಸಂಕೋಚ ಇರುತ್ತದಲ್ಲ, ಅದು ಅಲ್ಲೂ ಇತ್ತು.

ಇದ್ದಕ್ಕಿದ್ದಂತೆ ಮಾವ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳತೊಡಗಿದರು. ಅತ್ತೆಗೆ ಹಿಗ್ಗೋ ಹಿಗ್ಗು. 'ಈ ವಯಸ್ಸಲ್ಲಾದ್ರೂ ಬುದ್ಧಿ ಬಂತಲ್ಲ' ಎಂದು ಬೀದಿಗೆಲ್ಲ ಹೇಳಿದರು. 'ಸೋಪು ಜಾಸ್ತಿ ಹಾಕ್ಬೇಡಿ ಮಾವ' ಎಂದು ಸೊಸೆಯೂ ನಕ್ಕು ಕೆಲಸಕ್ಕೆ ಹೋದಳು. ಏಕೆ ಒಗೆಯುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ.

ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ಅವಳಿಗೆ ಪಂಚೆಯ ಮೇಲೆ ಒಗೆದರೂ ಬಿಡದ ಕಂದು ಕಲೆ ಕಂಡಿತು. ಪಂಚೆ ಹಿಡಿದು ಕೆಳಗೆ ಬಂದಳು.

'ಮಾವ, ಇದೇನು?'

'ಬೀಟ್ರೂಟ್ ಪಲ್ಯ ಬಿತ್ತಮ್ಮ.'

'ಬೀಟ್ರೂಟ್ ಕಂಡ್ರೆ ನಿಮಗಾಗಲ್ಲ ಅಂತ ನಾವು ತರೋದೇ ಇಲ್ವಲ್ಲ ಮಾವ.'

ಮಾವ ತಲೆ ಬಗ್ಗಿಸಿದರು. 'ನೋವೇನೂ ಇಲ್ಲ ತಾಯಿ. ಬರುತ್ತೆ, ನಿಲ್ಲುತ್ತೆ. ಸೊಸೆ ಹತ್ರ ಇದನ್ನೆಲ್ಲ ಹೆಂಗೆ ಹೇಳ್ಲಿ?'

ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. 'ಊರೋರ್ದೆಲ್ಲ ನನ್ನ ಹತ್ರ ಬರುತ್ತೆ. ನಮ್ಮನೇದೇ ನನಗೆ ಗೊತ್ತಾಗ್ಲಿಲ್ವಲ್ಲ ಮಾವ.' ಅಷ್ಟು ದಿನ ರಕ್ತ ಕಂಡೂ ಅಲುಗದ ಮನುಷ್ಯ ಅವಳ ಕಣ್ಣೀರಿಗೆ ಸೋತುಹೋದರು. ಮರುದಿನವೇ ಆಸ್ಪತ್ರೆಗೆ ಹೊರಟರು.

ಕ್ಯಾನ್ಸರೇ ಆಗಿತ್ತು. ಮೂತ್ರಕೋಶದ ಗೋಡೆಯ ಆಳಕ್ಕೆ ಇನ್ನೂ ಇಳಿದಿರಲಿಲ್ಲ, ಅದೇ ಪುಣ್ಯ. ವೈದ್ಯರು ಗಡ್ಡೆಯನ್ನು ಕೆರೆದು ತೆಗೆದರು, ಆಮೇಲೆ ಆ ಸೊರಗಿದ ಕ್ರಿಮಿಯ ಚಿಕಿತ್ಸೆ ಶುರುವಾಯಿತು. ಜ್ವರ, ಉರಿ, ಸಂಕಟ. ಸೊಸೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಮಾವನ ಕಾವಲುಗಾರರು ಏಳುತ್ತಾರೋ ಇಲ್ಲವೋ? ಅದನ್ನೇ ವರ್ಷಗಟ್ಟಲೆ ಓದಿದವಳು, ಈಗ ಸೆರಗಿನ ತುದಿ ಹಿಂಡುತ್ತ ದೇವರನ್ನು ನೆನೆಯುತ್ತಿದ್ದಳು. ಒಂದು ದಿನ ಒಳಗೆ ಹೋಗುವ ಮುನ್ನ ಮಾವ ಅವಳ ಬಳಿ ಬಂದರು. ಅಷ್ಟು ಜನರ ಎದುರಿಗೇ ಮೂತ್ರದ ಬಾಟಲಿಯನ್ನು ಅವಳ ಕೈಗೆ ಕೊಟ್ಟರು.

'ನಂದೂ ಪರೀಕ್ಷೆ ಮಾಡಮ್ಮ. ನನಗಾಗದಿದ್ರೂ ಇನ್ನೊಬ್ರಿಗಾದ್ರೂ ಉಪಯೋಗಕ್ಕೆ ಬರ್ಲಿ.'

ಕಾವಲುಗಾರರು ಎದ್ದರೇ? ಎದ್ದರು. ಮತ್ತೆ ಕ್ಯಾಮೆರಾ ಹಾಕಿ ನೋಡಿದಾಗ ಒಳಗೆ ಏನೂ ಉಳಿದಿರಲಿಲ್ಲ. ಆಗಾಗ ಪರೀಕ್ಷೆಗೆ ಹೋಗುತ್ತಿರಬೇಕು. ಹೋಗುತ್ತಾರೆ, ಸೊಸೆಯ ಜೊತೆಗೇ.

ಈಗ ನಿಮ್ಮ ಕಡೆ ಬರುತ್ತೇನೆ. ಅಲ್ಲಿ ಕಂಬಕ್ಕೆ ಒರಗಿ ಕೂತ ಹಿರಿಯರೇ, ಯಾಕೆ ಮುಖ ಆಚೆ ತಿರುಗಿಸಿದಿರಿ? ದೇವರ ಮುಂದೆ ಎಲ್ಲವನ್ನೂ ತೋಡಿಕೊಳ್ಳುತ್ತೀರಿ, ಮನೆಯವರ ಮುಂದೆ ಯಾಕೆ ಬಾಯಿ ಕಟ್ಟುತ್ತದೆ? ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ ಹೇಳಿ, ನೋವಿಲ್ಲದಿದ್ದರೂ ಹೇಳಿ. ಹೆಂಡತಿಗೆ ಹೇಳಿ, ಸೊಸೆಗೆ ಹೇಳಿ, ತಡಮಾಡದೆ ವೈದ್ಯರಿಗೆ ಹೇಳಿ. ನಿಮ್ಮ ಸಂಕೋಚಕ್ಕಿಂತ ನೀವು ಅವರಿಗೆ ಬೇಕು.

ಮನೆಯ ಕಿರಿಯರೇ, ನಿಮಗೂ ಒಂದು ಮಾತು. ಹಿರಿಯರ ರೀತಿ ಇದ್ದಕ್ಕಿದ್ದಂತೆ ಬದಲಾದರೆ ಹೊಗಳಿ ಸುಮ್ಮನಾಗಬೇಡಿ. ಇವತ್ತೇ ಮನೆಗೆ ಹೋಗಿ, ಹತ್ತಿರ ಕೂತು ಕೇಳಿ. 'ಏನಿಲ್ಲ' ಎನ್ನುತ್ತಾರೆ. ಇನ್ನೊಮ್ಮೆ ಕೇಳಿ. ಅವರು ಬಾಯಿ ಬಿಡುವವರೆಗೂ ಆ ಜಾಗ ಬಿಟ್ಟು ಏಳಬೇಡಿ.