ಗಾಲ್ಫ್ ಗುಂಡಿ ಮುಚ್ಚಲ್ಲ

ನರಸೀಪುರದ ಬಸ್ಸು ತಪ್ಪಿದರೂ ಸರಿ, ಬಸ್‌ಸ್ಟ್ಯಾಂಡಿನಲ್ಲಿ ತನ್ನ ಪಕ್ಕ ನಿಂತಿದ್ದ ಹೆಡ್‌ಮೇಷ್ಟ್ರು ಮತ್ತು ಟೀಚರಮ್ಮನ ಜಗಳ ತಪ್ಪಬಾರದು ಎನಿಸಿತು ಮಂಗಳಗೌರಿಗೆ.

“ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ಸ್ಕೂಲ್ ಅಂಗಳದಲ್ಲಿ ನೀವು ಮಕ್ಕಳ ಕೈಲಿ ತೋಡಿಸಿರೋ ಆ ಗಾಲ್ಫ್ ಗುಂಡಿಗಳನ್ನ ಮುಚ್ಚಿಸಿಬಿಡಿ, ಮೇಡಂ.”

“ಮುಚ್ಚಲ್ಲ ಸಾರ್. ಅದು ನಮ್ಮ ತಾಲ್ಲೂಕಿನ ಮ್ಯಾಪು. ಒಂದೊಂದು ಗುಂಡೀನೂ ಒಂದೊಂದೂರು. ಹುಲ್ಲಹಳ್ಳಿಯಿಂದ ಹೊಡೆದ ಚೆಂಡು ದೇವನೂರಿಗೆ ಬೀಳ್ಬೇಕಾದ್ರೆ ದಿಕ್ಕು ಗೊತ್ತಿರ್ಬೇಕು.”

“ಸಮಾಜ ಪಾಠ ಆಯ್ತು. ಲೆಕ್ಕ?”

“ಗುಂಡಿಗೆ ಅಡ್ಡ ಇಟ್ಟಿರೋ ಇಟ್ಟಿಗೆಗೆ ಬಡಿದ ಚೆಂಡು ಎತ್ತ ತಿರುಗುತ್ತೆ ಅಂತ ಮೊದ್ಲೇ ಗೆರೆ ಎಳೀತವೆ. ಕೋನ ಅಂದ್ರೆ ಆಕಳಿಸ್ತಿದ್ದ ಮಕ್ಕಳು ಸಾರ್, ಈಗ ಅದಕ್ಕೇ ಕಿತ್ತಾಡ್ತವೆ.”

“ಇದು ಸ್ಕೂಲೋ, ಗೋಲಿ ಆಡೋ ಜಾಗವೋ ಅಂತ ಊರೋರು ಕೇಳ್ತಾರಲ್ರೀ.”

“ಕೇಳ್ಲಿ. ಬರೀ ಬಾಯಿಪಾಠ ಮಾಡಿಸ್ತಿದ್ದಾಗ ಯಾರೂ ಕೇಳ್ಲಿಲ್ವಲ್ಲ!”

“ಇನ್‌ಸ್ಪೆಕ್ಟರಿಗೆ ಏನು ಹೇಳ್ಲಿ ನಾನು?”

ಹುಲ್ಲಹಳ್ಳಿ ಬಸ್ಸು ಬಂತು. ಟೀಚರಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ತಿರುಗಿದರು.

“ಅವರ ಕೈಗೂ ಒಂದು ಕೋಲು ಕೊಟ್ಟು, ದೇವನೂರಿಗೆ ಹೊಡೀರಿ ಅನ್ನಿ. ತಪ್ಪಿದ್ರೆ ನಮ್ಮ ಮಕ್ಕಳು ಹೇಳ್ಕೊಡ್ತವೆ!”