ಬಂಪರಿಗಂಟಿದ ತಗಡಿನ ಹಸ್ತ

ಸೂಸ್ ಪಟ್ಟಣದ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಸರದಿಗೆ ಕಾಯುತ್ತಿದ್ದೆ. ವಯಸ್ಸಾಗಿ ಕತ್ತು ತಿರುಗದ, ಹಜ್ ಯಾತ್ರೆ ಮಾಡಿಬಂದ ಹಾಜ್ ಮುನ್ಸಿಫರ ಹಳೇ ಕಾರಿಗೆ ಮೆಕ್ಯಾನಿಕ್ ರಿದಾ ಮೊನ್ನೆ ಹೊಸ ಸಾಧನ ಕೂರಿಸಿದ್ದನಂತೆ. ಹಿಂಬದಿಯಲ್ಲಿ ಕಣ್ಣಿಗೆ ಬೀಳದ ಮೂಲೆಗೆ ಗಾಡಿಯೋ ಜನರೋ ಬಂದರೆ ಪಕ್ಕದ ಕನ್ನಡಿಯಲ್ಲಿ ದೀಪ ಹೊತ್ತಬೇಕು.

"ದೀಪ ಆರೋದೇ ಇಲ್ಲ ಕಣಯ್ಯಾ. ಇವತ್ತು ಸರಿಹೋಗದಿದ್ರೆ ಮಗಳು ಕಾರಿನ ಕೀಲಿ ಕಿತ್ಕೋತಾಳೆ," ಎಂದು ಹಾಜ್ ಕಾರಿನೊಳಗೆ ಕೂತೇ ಗೊಣಗಿದರು.

"ಹಾಜ್, ಬಂಪರಿನ ಮೂಲೆಗೆ ಈ ತಗಡಿನ ಹಸ್ತ ಯಾರು ಅಂಟಿಸಿದ್ದು?"

"ನಮ್ಮನೆಯವಳು. ಹೊಸ ಸಾಧನಕ್ಕೆ ಯಾರ ಕಣ್ಣೂ ತಾಗಬಾರದು ಅಂತ."

"ಸರಿಯಾಗಿ ಅದರ ಕಣ್ಣಿಗೇ ಕೈ ಅಡ್ಡ ಇಟ್ಟಿದ್ದಾರೆ! ಸೆನ್ಸರ್ ಈ ತಗಡನ್ನೇ ಕಾರು ಅಂದ್ಕೊಂಡಿದೆ. ನೋಡಿ, ಕಿತ್ತೆ. ಆರಿತಾ?"

"ಆರಿತು! ಅಲ್ಹಮ್ದುಲಿಲ್ಲಾ! ನನ್ನ ಡ್ರೈವಿಂಗೇ ಮುಗೀತು ಅಂದ್ಕೊಂಡಿದ್ದೆ."

"ತಗೊಳ್ಳಿ, ಇದನ್ನ ಕಾರಿನೊಳಗೆ ನೇತುಹಾಕಿ."

"ಬೇಡಪ್ಪ, ಕತ್ತಿಗೇ ಕಟ್ಕೋತೀನಿ. ಕೆಟ್ಟಿರೋದು ಅದೇ ತಾನೆ?"

ಹಾಜ್ ಕಾರನ್ನು ಹಿಂದಕ್ಕೆ ತೆಗೆದರು. ಮಾತು ಕೇಳುವ ಚಪಲಕ್ಕೆ ನಾನು ಕಾರಿನ ಹಿಂಬದಿಯ ಮೂಲೆಗೇ ಸರಿದಿದ್ದೆ. ಕನ್ನಡಿಯ ದೀಪ ಹೊತ್ತಿತು.

"ರಿದಾ, ಕೆಲಸ ಮಾಡ್ತಿದೆ ಕಣೋ!" ಎಂದು ಹಾಜ್ ಕಿಟಕಿಯಿಂದ ಕೂಗಿದರು. "ಕದ್ದು ಕೇಳೋರೂ ಕಾಣಿಸ್ತಾರೆ!"

ನಾನು ದಾರಿ ಬಿಟ್ಟೆ. ಅವರು ಹೊರಟುಹೋದರು.